ಸರಾಸರಿಯಲ್ಲಿ ಕಾಣದ ತ್ರಿಕೋನ

2005ನೆಯ ಇಸವಿಯ ಜುಲೈ 26ರ ಮಂಗಳವಾರವನ್ನು ಆಗ ಮುಂಬಯಿಯಲ್ಲಿದ್ದ ನಾವು ಯಾರೂ ಮರೆತಿಲ್ಲ. ಮಧ್ಯಾಹ್ನ ಹಿಡಿದ ಮಳೆ ಕುರ್ಲಾ, ಸಾಂತಾಕ್ರೂಜ್, ಅಂಧೇರಿಗಳನ್ನು ಮುಳುಗಿಸಿತು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಆಫೀಸಿನಿಂದ ಹೊರಟವರು ಎದೆಮಟ್ಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಮರುದಿನ ಬೆಳಗಾದ ಮೇಲೆ ಮನೆ ಸೇರಿದರು. ಅಂಥವರು ನಮ್ಮ ವಾಚನಾಲಯಕ್ಕೆ ಬರುವವರಲ್ಲೇ ಎಷ್ಟೋ ಮಂದಿ ಇದ್ದಾರೆ. ಆ 24 ಗಂಟೆಗಳಲ್ಲಿ ಹವಾಮಾನ ಇಲಾಖೆಯವರು ಸಾಂತಾಕ್ರೂಜಿನಲ್ಲಿ ಅಳೆದ ಮಳೆ 944 ಮಿಲಿಮೀಟರು. ಅದೇ ಅವಧಿಗೆ ಕೊಲಾಬಾದಲ್ಲಿ ಅಳೆದದ್ದು 73 ಮಿಲಿಮೀಟರು ಮಾತ್ರ.

ಈ ಎರಡು ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸುಮಾರು 508 ಬರುತ್ತದೆ. ಲೆಕ್ಕ ಸರಿ. ಆದರೆ ಆ 508 ಮಿಲಿಮೀಟರು ಮಳೆ ಅಳೆದ ಎರಡು ಠಾಣೆಗಳಲ್ಲಿ ಯಾವುದರಲ್ಲೂ ಬಿದ್ದದ್ದಲ್ಲ. ಕೊಲಾಬಾದವನಿಗೆ ಅದು ಸುಳ್ಳು, ಸಾಂತಾಕ್ರೂಜಿನವನಿಗೂ ಸುಳ್ಳು. ಮೋಡ ಎಲ್ಲಿ ಮಡುಗಟ್ಟಿತ್ತು, ಎಲ್ಲಿ ಹಗುರಾಗಿತ್ತು ಎಂಬ ಸಂಗತಿಯೇ ಸರಾಸರಿಯಲ್ಲಿ ಕರಗಿಹೋಯಿತು.

ಇಂಥದೇ ಒಂದು ತಪ್ಪು ಬಹು ದೊಡ್ಡ ವಿಜ್ಞಾನಿಗಳ ಲೆಕ್ಕದಲ್ಲಿಯೂ ವರ್ಷಗಟ್ಟಲೆ ಉಳಿದಿತ್ತು. ಅದು ತಿದ್ದಿಕೊಂಡ ಬಗೆಯನ್ನು ಈ ಪಾಠದಲ್ಲಿ ನೋಡೋಣ. ವಿಷಯ ಪರಮಾಣುವಿನ ಒಡಲಿನದು. ಹೆದರಬೇಕಾಗಿಲ್ಲ, ಕೂಡುವುದು, ಗುಣಿಸುವುದು, ವರ್ಗಮೂಲ, ಇಷ್ಟು ಬಲ್ಲವರಿಗೆ ಸಾಕು. ಕೈಗೆ ಒಂದು ಹಿಡಿ ಹುಣಿಸೆ ಬೀಜವೂ ಬೇಕು. ಅದೇಕೆಂದು ಮುಂದೆ ಹೇಳುತ್ತೇವೆ.

ಪರಮಾಣುವಿನ ನಡುವೆ ಅದರ ತೂಕವನ್ನೆಲ್ಲ ಹೊತ್ತ ಒಂದು ಗಟ್ಟಿ ತಿರುಳಿದೆ. ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರು. ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳೂ 118 ನ್ಯೂಟ್ರಾನುಗಳೂ, ಒಟ್ಟು 197 ಕಣಗಳಿವೆ. ಸೀಸದ್ದರಲ್ಲಿ 208. ಈ ಕಣಗಳೊಳಗೆ ಇನ್ನೂ ಸಣ್ಣವಾದ ಕ್ವಾರ್ಕುಗಳಿವೆ. ಅವುಗಳನ್ನು ಬಿಗಿಯಾಗಿ ಅಂಟಿಸಿ ಹಿಡಿದವು ಗ್ಲುವಾನುಗಳು. ನಾವು ಕಾಣುವ ಲೋಕದಲ್ಲಿ ಕ್ವಾರ್ಕು ಒಂಟಿಯಾಗಿ ಹೊರಗೆ ಬರುವುದಿಲ್ಲ. ಆದರೆ ಎರಡು ದೊಡ್ಡ ನ್ಯೂಕ್ಲಿಯಸ್ಸುಗಳನ್ನು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದರೆ, ಒಂದು ಕ್ಷಣದ ಮಟ್ಟಿಗೆ ಪ್ರೋಟಾನು, ನ್ಯೂಟ್ರಾನುಗಳ ಗೋಡೆಗಳೆಲ್ಲ ಕರಗಿ, ಕ್ವಾರ್ಕು ಗ್ಲುವಾನುಗಳು ಕಲೆತು ಒಂದೇ ಪಾಕವಾಗುತ್ತವೆ. ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಎಲ್ಲ ದ್ರವ್ಯವೂ ಹೀಗೆಯೇ ಇತ್ತೆಂದು ತಿಳಿದವರ ಮತ.

ಇಂಥ ಡಿಕ್ಕಿಗಾಗಿ ಅಮೆರಿಕದಲ್ಲಿ, ನ್ಯೂಯಾರ್ಕಿನ ಬಳಿಯ ಬ್ರೂಕ್‌ಹೇವನ್ನಿನಲ್ಲಿ, 2000ನೆಯ ಇಸವಿಯಲ್ಲಿ ಒಂದು ಯಂತ್ರ ಕೆಲಸಕ್ಕೆ ತೊಡಗಿತು. ಅಲ್ಲಿ ಚಿನ್ನಕ್ಕೆ ಚಿನ್ನವನ್ನು ಹೊಡೆಸಿದರು. ಆಮೇಲೆ ಜಿನೀವಾದ ಬಳಿ, ನೆಲದಡಿಯಲ್ಲಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ, 2010ರ ನವೆಂಬರಿನಿಂದ ಸೀಸಕ್ಕೆ ಸೀಸವನ್ನು ಹೊಡೆಸತೊಡಗಿದರು. 27 ಕಿಲೋಮೀಟರೆಂದರೆ ಚರ್ಚ್‌ಗೇಟಿನಿಂದ ಗೋರೆಗಾಂವಿಗೆ ಹೆಚ್ಚುಕಡಿಮೆ ಆಗುವ ದೂರ. ಬ್ರೂಕ್‌ಹೇವನ್ನಿನಲ್ಲಿ ಹುಟ್ಟಿದ ಪಾಕದ ಶಾಖ ಸುಮಾರು 4 ಲಕ್ಷ ಕೋಟಿ ಡಿಗ್ರಿ ಎಂದು ಲೆಕ್ಕ ಹಾಕಿದ್ದಾರೆ. ಸೂರ್ಯನ ಗರ್ಭದ ಶಾಖಕ್ಕಿಂತ ಎರಡೂವರೆ ಲಕ್ಷ ಪಟ್ಟಿಗೂ ಹೆಚ್ಚು. ಅದು ಬಾಳುವ ಹೊತ್ತಾದರೋ, ಬೆಳಕು ಒಂದು ನ್ಯೂಕ್ಲಿಯಸ್ಸನ್ನು ಅಡ್ಡ ಹಾಯಲು ಬೇಕಾಗುವಷ್ಟು. ಆಮೇಲೆ ಪಾಕ ತಣಿದು ಸಾವಿರಾರು ಕಣಗಳಾಗಿ ಸಿಡಿದು ಎಲ್ಲ ಕಡೆಗೂ ಹಾರಿಹೋಗುತ್ತದೆ. ವಿಜ್ಞಾನಿಗಳ ಕೈಗೆ ಸಿಕ್ಕುವುದು ಹಾರಿಹೋದ ಈ ಕಣಗಳ ದಿಕ್ಕು, ವೇಗ, ಎಣಿಕೆ ಇಷ್ಟೇ. ಪಾಕವನ್ನು ಕಣ್ಣಾರೆ ಕಂಡವರಿಲ್ಲ.

ಹಾಗಾದರೆ ಅದು ಪಾಕವೇ ಹೌದು, ಹರಿಯುವ ದ್ರವವೇ ಹೌದು ಎಂದು ತಿಳಿದದ್ದು ಹೇಗೆ? ಇಲ್ಲಿ ನಮ್ಮ ಊರಿನ ಕಣವನ್ನು ನೆನೆಯಬೇಕು. ಕಣವೆಂದರೆ ಇಲ್ಲಿ ಒಕ್ಕಣೆಯ ಕಣ. ರಾಗಿಯನ್ನೋ ಜೋಳವನ್ನೋ ತೂರಿ ರಾಶಿ ಮಾಡುತ್ತೇವೆ. ರಾಶಿ ಸರಿಯಾಗಿ ದುಂಡಗಿದ್ದರೆ ಕಾಳು ಎಲ್ಲ ಕಡೆಗೂ ಒಂದೇ ಸಮನೆ ಜಾರುತ್ತದೆ. ರಾಶಿ ಉದ್ದುರುಟಾಗಿದ್ದರೆ? ಉದ್ದದ ಕಡೆ ಇಳಿಜಾರು ನಿಧಾನ. ಕಿರಿದಾದ ಕಡೆ ಅದೇ ಎತ್ತರದಿಂದ ಬೇಗ ನೆಲ ಮುಟ್ಟಬೇಕಾದ್ದರಿಂದ ಇಳಿಜಾರು ಕಡಿದು. ಕಾಳು ಹೆಚ್ಚಾಗಿ ಜಾರುವುದು ಈ ಕಿರಿದಾದ ಕಡೆಗೇ. ಡಿಕ್ಕಿಯ ಪಾಕದಲ್ಲಿ ಎತ್ತರದ ಬದಲು ಒತ್ತಡ ಎಂದಿಟ್ಟುಕೊಳ್ಳಿ. ನಡುವೆ ಒತ್ತಡ ಹೆಚ್ಚು, ಹೊರಗೆ ಸೊನ್ನೆ. ಕಿರಿದಾದ ಕಡೆಗೆ ನೂಕು ಜೋರು.

ಪಾಕ ಉದ್ದುರುಟಾಗುವುದು ಯಾತಕ್ಕೆಂದರೆ, ಡಿಕ್ಕಿಗಳು ಬಹುಮಟ್ಟಿಗೆ ನೇರಾನೇರ ಆಗುವುದಿಲ್ಲ. ಆ ವೇಗದಲ್ಲಿ ನ್ಯೂಕ್ಲಿಯಸ್ಸುಗಳು ನಮಗೆ ಹಪ್ಪಳದಂತೆ ಚಪ್ಪಟೆಯಾಗಿ ತೋರುತ್ತವೆ. ಎರಡು ಹಪ್ಪಳಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಇಟ್ಟು ನೋಡಿ. ಎರಡೂ ಕೂಡಿದ ಭಾಗ ಬಾದಾಮಿಯ ಆಕಾರದಲ್ಲಿರುತ್ತದೆ. ಪಾಕ ಹುಟ್ಟುವುದು ಈ ಬಾದಾಮಿಯಲ್ಲಿ.

ಈಗ ಎರಡು ಬಗೆ ಸಾಧ್ಯ. ಕಣಗಳು ಒಂದನ್ನೊಂದು ಲೆಕ್ಕಿಸದೆ ತಮ್ಮ ಪಾಡಿಗೆ ಹೊರಬಿದ್ದರೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗಬೇಕು. ಸಭೆ ಮುಗಿದ ಮೇಲೆ ಆಜಾದ್ ಮೈದಾನದಿಂದ ಜನ ತಂತಮ್ಮ ದಾರಿ ಹಿಡಿಯುವಂತೆ. ಒಂದನ್ನೊಂದು ತಳ್ಳುತ್ತ ಹೋದರೆ ಕಿರಿದಾದ ಕಡೆಗೆ ಹೆಚ್ಚು ಹೋಗಬೇಕು. ದಾದರಿನ ಸೇತುವೆಯ ಮೇಲೆ ಸಂಜೆ ಆರೂವರೆಗೆ ನಾವು ಹೋಗುವಂತೆ. ಅಲ್ಲಿ ನಾವು ನಡೆಯುವುದಿಲ್ಲ, ನಮ್ಮನ್ನು ನಡೆಸಲಾಗುತ್ತದೆ ಎಂಬುದು ದಿನವೂ ಅನುಭವಿಸುವವರಿಗೆ ಗೊತ್ತು. ಈ ಎರಡನೆಯದೇ ಸಾಮೂಹಿಕ ಹರಿವು. ಕಿರಿದಾದ ಕಡೆಗೆ ಹೆಚ್ಚು ಹೋಗುವ ಈ ಬಗೆಯನ್ನು ಉದ್ದುರುಟು ಹರಿವು ಎಂದು ಕರೆಯೋಣ. ಇದನ್ನು ದ್ರವದ ಗುರುತಾಗಿ ಹುಡುಕಬೇಕೆಂದು 1992ರಲ್ಲಿ ಸೂಚಿಸಿದವನು ಝಾಂ-ಈವ್ ಓಲಿತ್ರೋ ಎಂಬ ಫ್ರೆಂಚ್ ವಿಜ್ಞಾನಿ. ಬ್ರೂಕ್‌ಹೇವನ್ನಿನ ಯಂತ್ರ ಶುರುವಾದೊಡನೆಯೇ ಅದು ಧಾರಾಳವಾಗಿ ಕಂಡಿತು. 2005ರ ಏಪ್ರಿಲಿನಲ್ಲಿ, ಎಂದರೆ ನಮ್ಮ ಆ ಮಳೆಗೆ ಮೂರು ತಿಂಗಳ ಮುಂಚೆ, ಅಲ್ಲಿನ ನಾಲ್ಕು ಪ್ರಯೋಗ ತಂಡಗಳವರು ಕೂಡಿ, ತಾವು ಕಂಡದ್ದು ಅನಿಲವಲ್ಲ, ಅತಿ ಸಲೀಸಾಗಿ ಹರಿಯುವ ದ್ರವ ಎಂದು ಸಾರಿದರು.

ಇಲ್ಲಿಯವರೆಗೆ ಕಥೆ ಸರಳ. ತೊಡಕು ಬಂದದ್ದು ತಾಮ್ರದಿಂದ.

ತಾಮ್ರದ ನ್ಯೂಕ್ಲಿಯಸ್ಸು ಸಣ್ಣದು, ಅದರಲ್ಲಿ ಅರುವತ್ತಕ್ಕೆ ಸ್ವಲ್ಪ ಮೇಲ್ಪಟ್ಟು ಕಣಗಳು. 2005ರಲ್ಲಿ ತಾಮ್ರಕ್ಕೆ ತಾಮ್ರವನ್ನು ಹೊಡೆಸಿ ನೋಡಿದಾಗ ಉದ್ದುರುಟು ಹರಿವು ಬರಬೇಕಾದ್ದಕ್ಕಿಂತ ಬಹಳ ಹೆಚ್ಚು ಬಂತು. ನೇರಾನೇರ ಹೊಡೆದ ಡಿಕ್ಕಿಗಳಲ್ಲಿ ಹಪ್ಪಳದ ಮೇಲೆ ಹಪ್ಪಳ ಸರಿಯಾಗಿ ಕೂತಿರುತ್ತದೆ, ಬಾದಾಮಿಯೇ ಇಲ್ಲ. ಅಲ್ಲಿಯೂ ಹರಿವು ಸೊನ್ನೆಯಾಗಲಿಲ್ಲ. ದುಂಡು ರಾಶಿಯ ಕಾಳು ಒಂದೇ ಕಡೆಗೆ ಹೆಚ್ಚು ಜಾರಿದ ಹಾಗಾಯಿತು.

ಈಗ ಹುಣಿಸೆ ಬೀಜ ತೆಗೆಯಿರಿ. ಒಂದು ದೊಡ್ಡ ಕಾಗದದ ಮೇಲೆ ತಟ್ಟೆ ಬೋರಲಿಟ್ಟು ವೃತ್ತ ಎಳೆಯಿರಿ. ಇಪ್ಪತ್ತು ಬೀಜಗಳನ್ನು ಅಂಗೈಯಲ್ಲಿ ಕುಲುಕಿ, ಚೌಕಾಬಾರ ಆಡುವಾಗ ಹಾಕುವಂತೆ, ವೃತ್ತದೊಳಗೆ ಹಾಕಿರಿ. ಬೀಜಗಳು ವೃತ್ತದ ತುಂಬ ಸಮನಾಗಿ ಹರಡಿವೆಯೆ? ಇಲ್ಲ. ಒಂದು ಸಲ ಅವು ಉದ್ದಕ್ಕೆ ಸಾಲುಗಟ್ಟಿದಂತೆ ಬಿದ್ದಿರುತ್ತವೆ. ಇನ್ನೊಂದು ಸಲ ಮೂರು ಗುಂಪಾಗಿ ತ್ರಿಕೋನದಂತಿರುತ್ತವೆ. ಮತ್ತೊಂದು ಸಲ ಒಂದು ಮೂಲೆಗೆ ವಾಲಿರುತ್ತವೆ. ಪ್ರತಿ ಸಲವೂ ಬೀಜವಿದ್ದ ಜಾಗದಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಐವತ್ತು ಸಲ ಹಾಕಿದರೆ, ಕಾಗದದ ಮೇಲೆ ಸೊಗಸಾದ ದುಂಡು ಚುಕ್ಕೆಮಂಡಲ ಏಳುತ್ತದೆ. ಐವತ್ತರಲ್ಲಿ ಒಂದು ಸಲವೂ ದುಂಡಗೆ ಬೀಳಲಿಲ್ಲ. ಐವತ್ತೂ ಕೂಡಿದಾಗ ಮಾತ್ರ ದುಂಡು.

ನ್ಯೂಕ್ಲಿಯಸ್ಸಿನ ಪ್ರೋಟಾನು ನ್ಯೂಟ್ರಾನುಗಳೂ ಹೀಗೆಯೇ. ಡಿಕ್ಕಿಯ ಕ್ಷಣದಲ್ಲಿ ಅವು ಎಲ್ಲೆಲ್ಲಿ ಇರುತ್ತವೆಯೋ ಅಲ್ಲಲ್ಲಿ ಪಾಕ ಗಂಟುಗಂಟಾಗಿ ಹುಟ್ಟುತ್ತದೆ. ಒಂದು ಡಿಕ್ಕಿಯ ಗಂಟು ಇನ್ನೊಂದರದರಂತಿಲ್ಲ. ಇದುವರೆಗೆ ಲೆಕ್ಕ ಹಾಕಿದವರು ಐವತ್ತು ಸಲದ ಚುಕ್ಕೆಮಂಡಲವನ್ನೇ, ಎಂದರೆ ಸರಾಸರಿ ನ್ಯೂಕ್ಲಿಯಸ್ಸನ್ನೇ, ಡಿಕ್ಕಿ ಹೊಡೆಸಿದಂತೆ ಭಾವಿಸಿದ್ದರು. ಅಂಥ ನ್ಯೂಕ್ಲಿಯಸ್ಸು ಯಂತ್ರದಲ್ಲಿ ಒಂದು ಸಲವೂ ಓಡಿದ್ದಿಲ್ಲ. ಬೀಜ ಕಡಿಮೆಯಾದಷ್ಟೂ ಈ ಏರುಪೇರು ಹೆಚ್ಚು. ಇಪ್ಪತ್ತರ ಬದಲು ಇನ್ನೂರು ಬೀಜ ಹಾಕಿದರೆ ಆಕಾರದ ಏರುಪೇರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ತಾಮ್ರದಲ್ಲಿ ಎಡವಟ್ಟು ಎದ್ದು ಕಂಡದ್ದು ಅದಕ್ಕೇ. ಗಂಟುಗಳು ನಿಜವಾಗಿ ಬಿದ್ದ ಜಾಗದಿಂದ ಉದ್ದುರುಟನ್ನು ಅಳೆದರೆ ತಾಮ್ರ, ಚಿನ್ನ ಎರಡೂ ಒಂದೇ ದಾರಿಗೆ ಬರುತ್ತವೆಂದು ಬ್ರೂಕ್‌ಹೇವನ್ನಿನ ಫೋಬೋಸ್ ಎಂಬ ತಂಡದವರು ತೋರಿಸಿದರು.

ಈ ಏರುಪೇರನ್ನು ಅಳೆಯುವ ಬಗೆಯಲ್ಲಿ ನಮ್ಮ ಮುಂಬಯಿಗೂ ಪಾಲಿದೆ. ಕೊಲಾಬಾದ ತುದಿಯಲ್ಲಿ, ನೇವಿನಗರದ ಬಸ್ಸು ಇಳಿದು ಸಮುದ್ರದ ಕಡೆ ನಡೆದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸಿಕ್ಕುತ್ತದೆ. ಅದಕ್ಕೂ ಕನ್ನಡನಾಡಿಗೂ ನಂಟು ಹಳೆಯದು. 1945ರಲ್ಲಿ ಹೋಮಿ ಭಾಭಾ ಅದನ್ನು ಶುರುಮಾಡಿದ್ದು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಆವರಣದಲ್ಲಿ. ಅದೇ ವರ್ಷದಲ್ಲಿ ಅದು ಮುಂಬಯಿಗೆ ಬಂತು. ನಮ್ಮ ಹಾಗೆಯೇ ವಲಸೆ ಬಂದದ್ದು ಎನ್ನಿ. ಪೆಡ್ಡರ್ ರಸ್ತೆಯ ಒಂದು ಬಂಗಲೆಯಲ್ಲಿಯೂ ಆಮೇಲೆ ಹಳೆಯ ಯಾಟ್ ಕ್ಲಬ್ಬಿನ ಕಟ್ಟಡದಲ್ಲಿಯೂ ಕಾಲ ಹಾಕಿ, 1962ರಲ್ಲಿ ಸ್ವಂತ ಕಟ್ಟಡದ ಉದ್ಘಾಟನೆ ಕಂಡಿತು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು ಈ ಸಂಸ್ಥೆಯಿಂದ 1951ರಲ್ಲಿ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಆಕಾಶದಿಂದ ಬರುವ ಕಣಗಳು ಎಷ್ಟು ಆಳದವರೆಗೆ ನೆಲವನ್ನು ಹೊಕ್ಕುತ್ತವೆಂದು ಅಳೆದರು. ಮುಂದೆ 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಇದು ಪಾಠದ ನೇರ ವಿಷಯವಲ್ಲ. ಆದರೂ ನೇವಿನಗರದ ಆ ಗೇಟು ನಮ್ಮಂಥವರಿಗಲ್ಲ ಎಂದುಕೊಳ್ಳುವ ಹುಡುಗರು ನಮ್ಮಲ್ಲಿ ಇದ್ದಾರಾದ್ದರಿಂದ ಹೇಳಿದೆವು.

ಇದೇ ಸಂಸ್ಥೆಯ ರಾಜೀವ್ ಭಾಲೇರಾವ್ ಅವರು ಓಲಿತ್ರೋ ಮತ್ತು ಇತರರೊಡನೆ ಈ ಹರಿವಿನ ಲೆಕ್ಕದಲ್ಲಿ ಬಹಳ ವರ್ಷ ದುಡಿದವರು. ಅವರ ಮುಂದಿದ್ದ ಕಷ್ಟವನ್ನು ಮೊದಲು ತಿಳಿಯಬೇಕು.

ಪ್ರತಿ ಡಿಕ್ಕಿಯಲ್ಲಿಯೂ ಬಾದಾಮಿ ಬೇರೆಬೇರೆ ದಿಕ್ಕಿಗೆ ತಿರುಗಿರುತ್ತದೆ. ಒಂದರಲ್ಲಿ ಉತ್ತರ ದಕ್ಷಿಣ, ಮತ್ತೊಂದರಲ್ಲಿ ಪೂರ್ವ ಪಶ್ಚಿಮ. ಯಾವ ದಿಕ್ಕೆಂದು ಹೇಳುವವರು ಯಾರೂ ಇಲ್ಲ. ಎಲ್ಲ ಡಿಕ್ಕಿಗಳ ಕಣಗಳನ್ನೂ ಒಂದೇ ಖಾತೆಗೆ ಬರೆದರೆ ಎಲ್ಲ ದಿಕ್ಕೂ ಸಮನಾಗಿ, ಹರಿವೇ ಇಲ್ಲವೆಂದು ಕಾಣುತ್ತದೆ. ಆದ್ದರಿಂದ ಒಂದೇ ಡಿಕ್ಕಿಯ ಕಣಗಳನ್ನು ಜೋಡಿಜೋಡಿಯಾಗಿ ತೆಗೆದುಕೊಂಡು, ಒಂದಕ್ಕೂ ಇನ್ನೊಂದಕ್ಕೂ ನಡುವಣ ಕೋನವನ್ನು ನೋಡುತ್ತಾರೆ. ಇಬ್ಬರೂ ಒಂದೇ ನೂಕಿಗೆ ಸಿಕ್ಕಿದ್ದರೆ ದಿಕ್ಕು ಗೊತ್ತಿಲ್ಲದಿದ್ದರೂ ಅವರ ನಡುವಿನ ನಂಟು ಉಳಿಯುತ್ತದೆ. ಈ ಜೋಡಿಲೆಕ್ಕದಿಂದ ಸಿಕ್ಕುವುದು ಹರಿವಲ್ಲ, ಹರಿವಿನ ವರ್ಗದ ಸರಾಸರಿ. ಆದರೆ ಜೋಡಿಯಲ್ಲಿ ಮೋಸವೂ ಉಂಟು. ಒಂದೇ ಊರಿನ ಅಣ್ಣತಮ್ಮಂದಿರಿಬ್ಬರು ಒಟ್ಟಿಗೆ ಗಾಡಿ ಇಳಿದು ಒಂದೇ ಕಡೆಗೆ ನಡೆದರೆ ಅದು ಜನಸಂದಣಿಯ ನೂಕಲ್ಲ. ಒಂದೇ ತಾಯಿಕಣ ಒಡೆದು ಹುಟ್ಟಿದ ಎರಡು ಕಣಗಳೂ ಹಾಗೆ ಜೊತೆಗೆ ಹೋಗುತ್ತವೆ. ಇದನ್ನು ಕಳೆಯಲು ನಾಲ್ಕು ನಾಲ್ಕು ಕಣಗಳನ್ನು ಕೂಡಿ ನೋಡುವ ಲೆಕ್ಕ ಬಂತು. 2003ರಲ್ಲಿ ಭಾಲೇರಾವ್, ಬೋರ್ಗಿನಿ, ಓಲಿತ್ರೋ ಮೂವರೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಿಕ್ಕಿಯ ಎಲ್ಲ ಕಣಗಳನ್ನೂ ಒಟ್ಟಿಗೇ ಹಿಡಿಯುವ ಒಂದು ವಿಧಾನವನ್ನು ಕೊಟ್ಟರು. 1952ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಚೀನೀ ವಿಜ್ಞಾನಿಗಳು, ಅನಿಲ ದ್ರವವಾಗುವಂಥ ಸ್ಥಿತಿ ಬದಲಾವಣೆಗಳಿಗಾಗಿ ಕಂಡುಕೊಂಡಿದ್ದ ಗಣಿತವೇ ಅದರ ಬೇರು.

ಎರಡರ ಲೆಕ್ಕ, ನಾಲ್ಕರ ಲೆಕ್ಕ ಎರಡೂ ಒಂದೇ ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ. ನಾಲ್ಕರದ್ದು ಯಾವಾಗಲೂ ಕಡಿಮೆ. ಅಣ್ಣತಮ್ಮಂದಿರ ಮೋಸವನ್ನು ಕಳೆದ ಮೇಲೂ ಅಂತರ ಉಳಿಯಿತು. ಏಕೆಂಬುದನ್ನು ನಾವೇ ಕಾಗದದ ಮೇಲೆ ಮಾಡಿ ನೋಡಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಿತ್ರರು ದಯಮಾಡಿ ಪುಟ ಮಗುಚಬೇಡಿರಿ. ಇದು ನಿಮ್ಮ ಜಾಗ.

ಎರಡೇ ಡಿಕ್ಕಿ ಆದವು ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಹರಿವು 4, ಇನ್ನೊಂದರಲ್ಲಿ 8. ನಿಜವಾದ ಸರಾಸರಿ 6. ಪ್ರತಿಯೊಂದೂ ಅದರಿಂದ 2ರಷ್ಟು ಆಚೀಚೆ. ನಮಗೆ ಈ ಅಂಕಿಗಳು ಕಾಣುವುದಿಲ್ಲ, ಜೋಡಿಲೆಕ್ಕ ಮಾತ್ರ ಕಾಣುತ್ತದೆ. ನಾಲ್ಕರ ವರ್ಗ 16, ಎಂಟರ ವರ್ಗ 64, ಕೂಡಿದರೆ 80, ಅರ್ಧ 40. ಹರಿವು 6 ಆಗಿದ್ದರೆ ವರ್ಗ 36 ಬರಬೇಕಿತ್ತು, ಬಂದದ್ದು 40. ವರ್ಗ ಮಾಡಿದಾಗ ದೊಡ್ಡದು ತನ್ನ ಪಾಲಿಗಿಂತ ಹೆಚ್ಚು ಸದ್ದು ಮಾಡುತ್ತದೆ.

ನಾಲ್ಕರ ಲೆಕ್ಕದ ನಿಯಮ ಹೀಗೆ: ವರ್ಗದ ಸರಾಸರಿಯನ್ನು ಮತ್ತೆ ವರ್ಗಮಾಡಿ ಇಮ್ಮಡಿಸಬೇಕು, ಅದರಿಂದ ನಾಲ್ಕನೆಯ ಘಾತದ ಸರಾಸರಿಯನ್ನು ಕಳೆಯಬೇಕು. 40ರ ವರ್ಗ 1600, ಇಮ್ಮಡಿ 3200. ನಾಲ್ಕರ ನಾಲ್ಕನೆಯ ಘಾತ 256, ಎಂಟರದು 4096, ಕೂಡಿದರೆ 4352, ಅರ್ಧ 2176. 3200ರಲ್ಲಿ 2176 ಕಳೆದರೆ 1024. ಅದರ ವರ್ಗಮೂಲ 32.

ಒಂದು ಲೆಕ್ಕ 40 ಎನ್ನುತ್ತದೆ, ಇನ್ನೊಂದು 32. ಸತ್ಯವಾದ 36 ಸರಿಯಾಗಿ ನಡುವೆ ಇದೆ. ಎರಡರ ಅಂತರ 8, ಅರ್ಧ 4, ವರ್ಗಮೂಲ 2. ಈ ಎರಡೇ ನಾವು ಮೊದಲು ಹೇಳಿದ ಏರುಪೇರು! ಒಂದೊಂದು ಡಿಕ್ಕಿಯ ಹರಿವನ್ನೂ ನೋಡದೆ, ಎರಡು ಮೊತ್ತಗಳ ಜಗಳದಿಂದಲೇ ಏರುಪೇರಿನ ಪ್ರಮಾಣ ಹೊರಬಿತ್ತು. ಖಾತೆ ತಾಳೆಯಾಗದಿದ್ದಾಗ ಅಂತರವನ್ನು ಇತರೆ ಬಾಬ್ತಿಗೆ ತಳ್ಳಿ ಕೈತೊಳೆದುಕೊಳ್ಳುವವರೂ ಉಂಟು. ಇಲ್ಲಿ ಅಂತರದಲ್ಲಿಯೇ ಮಾಲು ಇತ್ತು. ಗಂಟುಗಂಟಾದ ಪಾಕ ಈ ಎರಡು ಲೆಕ್ಕಗಳನ್ನು ಎಷ್ಟೆಷ್ಟು ಏರಿಳಿಸುತ್ತದೆ ಎಂಬುದನ್ನು ಭಾಲೇರಾವ್ ಮತ್ತು ಓಲಿತ್ರೋ 2006ರಲ್ಲಿ ಲೆಕ್ಕಮಾಡಿ ಪ್ರಕಟಿಸಿದರು.

ಇಷ್ಟಾದರೂ ದೊಡ್ಡ ಸಂಗತಿಯೊಂದು ಎಲ್ಲರ ಕಣ್ಣೆದುರಿಗೇ ಇದ್ದು ಯಾರಿಗೂ ತಿಳಿದಿರಲಿಲ್ಲ.

ಕಣಗಳ ಜೋಡಿಯ ನಡುವಣ ಕೋನವನ್ನು ನೋಡುತ್ತಾರೆ ಎಂದೆವಷ್ಟೆ. ಗೋಡೆ ಗಡಿಯಾರವನ್ನು ನೆನೆಯಿರಿ. ಒಂದು ಕಣ 12ರ ಕಡೆಗೆ ಹೋಯಿತೆನ್ನಿ. ಅದಕ್ಕೆ ಎದುರಾಗಿ 6ರ ಕಡೆಗೆ ಹೆಚ್ಚು ಕಣಗಳು ಸಿಕ್ಕಬೇಕು. ಉದ್ದುರುಟು ಹರಿವನ್ನು ಲೆಕ್ಕದಿಂದ ಕಳೆದ ಮೇಲೆ ನೋಡಿದರೆ, ಉಬ್ಬು 6ರಲ್ಲಿರದೆ ಇಬ್ಭಾಗವಾಗಿ 4ರ ಹತ್ತಿರ ಒಂದು, 8ರ ಹತ್ತಿರ ಒಂದು ನಿಂತಿತ್ತು. ಇದೇನು ಚೋದ್ಯವೆಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ವೇಗವಾದ ಕಣವೊಂದು ಪಾಕವನ್ನು ಸೀಳಿಕೊಂಡು ಹೋಗುವಾಗ, ಮೋಟಾರು ದೋಣಿಯ ಹಿಂದೆ ಎರಡು ಕಡೆಗೂ ಅಲೆ ಏಳುವಂತೆ, ಪಾಕದಲ್ಲಿ ಅಲೆ ಎದ್ದಿದೆ ಎಂದು ಹಲವರು ವಾದಿಸಿದರು. ಸುಂದರವಾದ ವಾದ. ಬಹಳ ಲೇಖನಗಳು ಬಂದವು.

2010ರಲ್ಲಿ ಬುರಾಕ್ ಆಲ್ವೆರ್ ಮತ್ತು ಗುಂಥರ್ ರೋಲಂಡ್ ಎಂಬಿಬ್ಬರು, 12, 4, 8 ಎಂದರೆ ತ್ರಿಕೋನದ ಮೂರು ಮೂಲೆಗಳಲ್ಲವೆ ಎಂದರು. ಬೀಜಗಳು ಮೂರು ಗುಂಪಾಗಿ ಬಿದ್ದ ಸಲ ಪಾಕವೂ ತ್ರಿಕೋನವಾಗುತ್ತದೆ, ಹರಿವೂ ಮೂರು ಕಡೆಗೆ ಚಾಚುತ್ತದೆ. ಒಂದು ಚಾಚಿನಿಂದ ನೋಡಿದರೆ ಉಳಿದೆರಡು 120 ಡಿಗ್ರಿ ಆಚೆಗೊಂದು ಈಚೆಗೊಂದು. ದೋಣಿಯೂ ಬೇಡ, ಅಲೆಯೂ ಬೇಡ.

ಇಷ್ಟು ಸರಳವಾದದ್ದು ಮೊದಲೇ ಏಕೆ ಹೊಳೆಯಲಿಲ್ಲ? ಬಾದಾಮಿಯ ಎಡಬಲ ಎರಡೂ ಒಂದೇ. ಆದುದರಿಂದ ಸರಾಸರಿ ಪಾಕದಲ್ಲಿ ತ್ರಿಕೋನದ ಅಂಶ ಸೊನ್ನೆ. ಉದ್ದುರುಟಿಗೆ ಒಂದು ಕಾಲಂ, ಚೌಕಕ್ಕೆ ಒಂದು ಕಾಲಂ ಹಾಕಿಕೊಂಡವರು, ತ್ರಿಕೋನಕ್ಕೆ ಹೇಗೂ ಸೊನ್ನೆಯೇ ಬರುವುದೆಂದು ಕಾಲಮ್ಮನ್ನೇ ಗೆರೆ ಹಾಕಲಿಲ್ಲ. ಕಾಲಂ ಇಲ್ಲದ ಮೇಲೆ ಅದರ ಮೊಬಲಗು ಬೇರೆ ಯಾವುದೋ ಬಾಬ್ತಿನಲ್ಲಿ ಸೇರಿಕೊಂಡಿತು. ಸರಾಸರಿ ಸೊನ್ನೆಯಾದರೂ ವರ್ಗದ ಸರಾಸರಿ ಸೊನ್ನೆಯಲ್ಲ ಎಂಬುದು ಶಾಲೆಯ ಗಣಿತ. +3, −3 ಇವೆರಡರ ಸರಾಸರಿ ಸೊನ್ನೆ. ವರ್ಗಗಳ ಸರಾಸರಿ 9.

ಈ ಮಾತನ್ನು ಮುಂಚಿತವಾಗಿ ಆಡಿದವರು ನಮ್ಮ ದೇಶದಲ್ಲಿಯೇ ಇದ್ದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯ ಅಜಿತ್ ಶ್ರೀವಾಸ್ತವ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎರಡು, ಮೂರು, ನಾಲ್ಕು ಎಂದು ಎಲ್ಲ ಬಗೆಯ ಹರಿವಿಗೂ ವರ್ಗದ ಸರಾಸರಿಯನ್ನು ತೆಗೆದು ಸಾಲಾಗಿ ನೋಡಬೇಕು ಎಂದು ಸೂಚಿಸಿದ್ದರು. ವಿಶ್ವದ ಹುಟ್ಟಿನಿಂದ ಉಳಿದು ಆಕಾಶದ ಎಲ್ಲ ಕಡೆಯಿಂದಲೂ ಬರುತ್ತಿರುವ ಮಂದ ವಿಕಿರಣದಲ್ಲಿ ಸಣ್ಣ ಏರುಪೇರುಗಳಿವೆ. ಖಗೋಳ ವಿಜ್ಞಾನಿಗಳು ಅವುಗಳನ್ನು ಅಳೆದು ವಿಶ್ವದ ಚರಿತ್ರೆ ಬರೆಯುವಂತೆ ಇಲ್ಲಿಯೂ ಮಾಡಬಹುದು ಎಂಬುದು ಅವರ ಹೋಲಿಕೆ. 2010ರ ಕೊನೆಗೆ ಜಿನೀವಾದಲ್ಲಿ ಸೀಸದ ಡಿಕ್ಕಿ ಶುರುವಾದ ಮೇಲೆ ಎಲ್ಲ ಕಾಲಮ್ಮುಗಳೂ ತುಂಬತೊಡಗಿದವು. ತ್ರಿಕೋನ ಹರಿವು ಡಿಕ್ಕಿ ಓರೆಯಾದರೂ ನೇರವಾದರೂ ಹೆಚ್ಚು ಬದಲಾಗದೆ ನಿಂತಿತು. ತೀರ ನೇರ ಡಿಕ್ಕಿಗಳಲ್ಲಿ ಉದ್ದುರುಟು ಹರಿವಿಗೆ ಹೆಗಲೆಣೆಯಾಗಿ ಬಂತು. ಬಾದಾಮಿಯಿಂದ ಹುಟ್ಟಿದ್ದಾಗಿದ್ದರೆ ಹಾಗಾಗುತ್ತಿರಲಿಲ್ಲ.

ಜಿನೀವಾದ ಈ ಕೆಲಸದಲ್ಲಿ ಮುಂಬಯಿಯ ಕೈ ಎರಡು ಕಡೆಯಿಂದ ಇದೆ. ಭಾರವಾದ ನ್ಯೂಕ್ಲಿಯಸ್ಸುಗಳ ಡಿಕ್ಕಿಗೆಂದೇ ಕಟ್ಟಿದ ಆಲಿಸ್ ಎಂಬ ಪ್ರಯೋಗದಲ್ಲಿ ಪೊವಾಯಿಯ ಐಐಟಿಯವರು ಸೇರಿದ್ದಾರೆ. ಸಿಎಂಎಸ್ ಎಂಬ ಇನ್ನೊಂದು ದೊಡ್ಡ ಉಪಕರಣದ ಹೊರಸುತ್ತಿನಲ್ಲಿ ಕಣಗಳನ್ನು ಹಿಡಿಯುವ ಒಂದು ಪದರ ಕೊಲಾಬಾದ ಸಂಸ್ಥೆಯವರು ಮಾಡಿಕೊಟ್ಟದ್ದು. 2015ರಲ್ಲಿ ಭಾಲೇರಾವ್, ಅದೇ ಸಂಸ್ಥೆಯ ಸುಬ್ರತ ಪಾಲ್, ಓಲಿತ್ರೋ ಮತ್ತು ಅಮೆರಿಕದ ಡೆರೆಕ್ ಟೀನೇ ಕೂಡಿ, ಏರುಪೇರುಗಳ ಗೋಜಲನ್ನು ಮುಖ್ಯ ಎಳೆ, ಉಪ ಎಳೆ ಎಂದು ಬಿಡಿಸುವ ಒಂದು ಲೆಕ್ಕವನ್ನು ಕೊಟ್ಟರು. ಆ ಲೆಕ್ಕದಿಂದ ಸಿಎಂಎಸ್ ತಂಡದವರೂ ತಮ್ಮ ಡಿಕ್ಕಿಗಳನ್ನು ಅಳೆದು ನೋಡಿದ್ದಾರೆ.

ಇದೆಲ್ಲದರಿಂದ ಸಿಕ್ಕಿದ್ದೇನು ಎಂದು ಕಳೆದ ಭಾನುವಾರ ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ಗೆಳೆಯರೊಬ್ಬರು ನಮ್ಮನ್ನು ಕೇಳಿದರು. ಉತ್ತರ ಅವರ ಕೈಕೆಳಗೇ ಇತ್ತು. ನೀರಿನ ಪಾತ್ರೆಯನ್ನು ತಟ್ಟಿದರೆ ಸಣ್ಣ ಸಣ್ಣ ಅಲೆಗಳೂ ಅಂಚಿನವರೆಗೆ ಓಡುತ್ತವೆ. ಎಳೆಪಾಕಕ್ಕೆ ಬಂದ ಬೆಲ್ಲದ ಕೊಪ್ಪರಿಗೆಯನ್ನು ತಟ್ಟಿದರೆ ದೊಡ್ಡ ಅಲೆ ಒಂದಿಷ್ಟು ತುಳುಕುತ್ತದೆ, ಸಣ್ಣವು ಹುಟ್ಟಿದಲ್ಲೇ ಸಾಯುತ್ತವೆ. ದ್ರವದ ಈ ಅಂಟುತನಕ್ಕೆ ಸ್ನಿಗ್ಧತೆ ಎಂದು ಹೆಸರು. ಉದ್ದುರುಟು ದೊಡ್ಡ ಅಲೆಯಂತೆ, ತ್ರಿಕೋನ ಅದಕ್ಕಿಂತ ಸಣ್ಣದು, ನಾಲ್ಕು ಮೂಲೆ, ಐದು ಮೂಲೆಯವು ಇನ್ನೂ ಸಣ್ಣವು. ಯಾವುದು ಎಷ್ಟು ಉಳಿದು ಬಂತು ಎಂದು ಹೋಲಿಸಿದರೆ, ಯಾರೂ ಕೈ ಅದ್ದಲಾಗದ ಆ ಪಾಕದ ಸ್ನಿಗ್ಧತೆ ತಿಳಿಯುತ್ತದೆ. ಉದ್ದುರುಟು ಒಂದರಿಂದಲೇ ಇದನ್ನು ಹೇಳಲು ಆಗುತ್ತಿರಲಿಲ್ಲ. ಮೊದಲ ಬಾದಾಮಿಯ ಆಕಾರ ಎಷ್ಟು ಎಂಬ ಊಹೆಯನ್ನು ಒಂದಿಷ್ಟು ಬದಲಿಸಿದರೆ ಸ್ನಿಗ್ಧತೆಯ ಉತ್ತರವೂ ಬದಲಾಗುತ್ತಿತ್ತು. ತ್ರಿಕೋನ ಬಂದು ಆ ಸಂದೇಹವನ್ನು ಬಹಳಮಟ್ಟಿಗೆ ಕಟ್ಟಿಹಾಕಿತು. ಶಾಖದ ಲೆಕ್ಕದಲ್ಲಿ ಸರಿತೂಗಿಸಿ ನೋಡಿದರೆ ಆ ಪಾಕ ನೀರಿಗಿಂತಲೂ ಸಲೀಸಾಗಿ ಹರಿಯುವಂಥದು ಎಂದು ಈಗ ತಿಳಿದಿದೆ.

2025ರ ಜುಲೈಯಲ್ಲಿ ಜಿನೀವಾದವರು ಆಕ್ಸಿಜನ್ನನ್ನೂ ನಿಯಾನನ್ನೂ ಡಿಕ್ಕಿ ಹೊಡೆಸಿದರು. ನಿಯಾನಿನಲ್ಲಿ ಇರುವುದು ಇಪ್ಪತ್ತೇ ಕಣ, ನಮ್ಮ ಹುಣಿಸೆ ಬೀಜದಷ್ಟೇ! ಅದರ ನ್ಯೂಕ್ಲಿಯಸ್ಸು ದುಂಡಗಿಲ್ಲ, ಒಂದು ಕಡೆ ನೀಳವಾಗಿದೆ ಎಂದು ಬೇರೆ ದಾರಿಯಿಂದ ತಿಳಿದಿತ್ತು. ಹರಿವಿನ ಅಳತೆಯಲ್ಲಿಯೂ ಅದರ ಗುರುತು ಸಿಕ್ಕಿತು. ಸಿಡಿದುಹೋದ ಚೂರುಗಳಿಂದ, ಸಿಡಿಯುವ ಮುನ್ನ ಇದ್ದ ರೂಪವನ್ನು ಓದುವ ಕೆಲಸ ಇಲ್ಲಿಯವರೆಗೆ ಬಂದಿದೆ.

ಹುಣಿಸೆ ಬೀಜದ ಡಬ್ಬಿಯನ್ನೂ ವೃತ್ತ ಎಳೆದ ಕಾಗದವನ್ನೂ ವಾಚನಾಲಯದ ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಐವತ್ತು ಸಲ ಹಾಕುವಷ್ಟು ಬಿಡುವಿಲ್ಲದವರು ಐದು ಸಲ ಹಾಕಿ, ಪ್ರತಿ ಸಲವೂ ಉದ್ದುರುಟೋ ತ್ರಿಕೋನವೋ ಎಂದು ಪಕ್ಕದ ನೋಟುಬುಕ್ಕಿನಲ್ಲಿ ಬರೆದು ಹೋಗಲಿ. ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿರಿ, ಇಪ್ಪತ್ತಿರಬೇಕು.